ಬಂದಿಯ ದಾವೆ: ಸೆರೆವಾಸದ ಸ್ಥಿತಿಗತಿ ಮತ್ತು ಸಿವಿಲ್ ನ್ಯಾಯಾಲಯ

ಸೆರೆಯಲ್ಲಿರುವ ವ್ಯಕ್ತಿ ತನ್ನನ್ನು ಇಟ್ಟಿರುವ ಸ್ಥಿತಿಗತಿಯ ಬಗ್ಗೆ ಸರ್ಕಾರವನ್ನು ಅಥವಾ ಜೈಲಿನ ಅಧಿಕಾರಿಗಳನ್ನು ಪ್ರತಿವಾದಿಯಾಗಿಸಿ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಅಧಿಕಾರವೇ ಬಂದಿಯ ದಾವೆ ಹಕ್ಕು. ಮಲಗುವ ಜಾಗ, ಊಟ, ನೀರು, ಚಿಕಿತ್ಸೆ, ಹೊಡೆತ, ಏಕಾಂತ ಸೆರೆ, ಮನೆಯವರ ಭೇಟಿ, ದುಡಿಮೆಯ ಕೂಲಿ ಎಲ್ಲವೂ ಅದರ ವ್ಯಾಪ್ತಿಯಲ್ಲಿ ಬರುತ್ತವೆ. ಇದು ಜಾಮೀನಿನ ಅರ್ಜಿಯಲ್ಲ, ಮೇಲ್ಮನವಿಯೂ ಅಲ್ಲ. ಅಪರಾಧ ನಡೆಯಿತೇ, ಶಿಕ್ಷೆ ಸರಿಯೇ ಎಂಬ ಪ್ರಶ್ನೆಯನ್ನು ಬಂದಿ ಇಲ್ಲಿ ಎತ್ತುವುದಿಲ್ಲ. ಶಿಕ್ಷೆ ಸರಿಯಾಗಿಯೇ ಇರಲಿ, ಅದನ್ನು ಅನುಭವಿಸುವ ಜಾಗದಲ್ಲಿ ತನಗಾದ ಹಾನಿಗೆ ಹೊಣೆ ಯಾರು ಎಂದಷ್ಟೇ ಕೇಳುತ್ತಾನೆ. ಭಾರತದಲ್ಲಿ ಈ ಹಕ್ಕು ವಿಚಿತ್ರವಾದ ದಾರಿಯಲ್ಲಿ ಬೆಳೆದಿದೆ. ಬಂದಿಯೊಬ್ಬ ಸುಪ್ರೀಂ ಕೋರ್ಟಿಗೆ ಬರೆದ ಕಾಗದ ರಿಟ್ ಅರ್ಜಿಯಾಗಿ ದೇಶದ ಕಾನೂನನ್ನೇ ಬದಲಿಸಿದ ಉದಾಹರಣೆಗಳಿವೆ. ಅದೇ ಬಂದಿ ಜೈಲಿನಿಂದ ಕೂಗಳತೆಯಲ್ಲಿರುವ ಸಿವಿಲ್ ನ್ಯಾಯಾಧೀಶರ ಮುಂದೆ ಸಾಮಾನ್ಯವಾದ ಒಂದು ದಾವೆ ಹೂಡಹೊರಟರೆ ಹೆಜ್ಜೆಹೆಜ್ಜೆಗೂ ಅಡ್ಡಿ ಎದುರಾಗುತ್ತದೆ. ದೂರದ ಬಾಗಿಲು ತೆರೆದು ಹತ್ತಿರದ ಬಾಗಿಲು ಮುಚ್ಚಿರುವ ಈ ಏರ್ಪಾಡಿನಲ್ಲಿ ಬಂದಿಯ ಹಕ್ಕು ಹಕ್ಕಾಗಿ ನಿಲ್ಲದೆ ಉನ್ನತ ನ್ಯಾಯಾಧೀಶರ ಮನಸ್ಸಾಕ್ಷಿಯನ್ನು ಕಾಯುವ ಕೋರಿಕೆಯಾಗಿ ಉಳಿದಿದೆ. ಈ ಲೇಖನದ ವಾದ ಅದೇ.

ಬಂದಿಗೆ ನ್ಯಾಯಾಲಯದಲ್ಲಿ ಧ್ವನಿಯೇ ಇಲ್ಲ ಎಂಬ ಭಾವನೆ ಹಳೆಯದು. ಇಂಗ್ಲಿಷ್ ಕಾನೂನಿನಲ್ಲಿ ಘೋರ ಅಪರಾಧಿಯನ್ನು ಸಿವಿಲ್ ವ್ಯವಹಾರಗಳ ಮಟ್ಟಿಗೆ ಸತ್ತವನೆಂದೇ ಎಣಿಸುತ್ತಿದ್ದರು. 1870ರ ಕಾಯ್ದೆ ಅವನ ಆಸ್ತಿಯ ಮುಟ್ಟುಗೋಲನ್ನು ರದ್ದುಮಾಡಿತು, ಆದರೆ ಶಿಕ್ಷೆ ಅನುಭವಿಸುತ್ತಿರುವವರೆಗೆ ಆಸ್ತಿ, ಸಾಲ, ನಷ್ಟಪರಿಹಾರ ಯಾವುದಕ್ಕೂ ದಾವೆ ಹೂಡುವಂತಿಲ್ಲ ಎಂದಿತು. ಆ ನಿರ್ಬಂಧ ತೆರವಾದದ್ದು 1948ರಲ್ಲಿ. ಅಮೆರಿಕದ ವರ್ಜೀನಿಯಾದ ನ್ಯಾಯಾಲಯವೊಂದು 1871ರಲ್ಲಿ ಬಂದಿಯನ್ನು ರಾಜ್ಯದ ಗುಲಾಮನೆಂದೇ ಕರೆಯಿತು. ಆಮೇಲೆ ಬಹುಕಾಲ ಅಲ್ಲಿನ ನ್ಯಾಯಾಧೀಶರು ಜೈಲಿನ ಆಡಳಿತಕ್ಕೆ ಕೈಹಾಕದಿರುವುದನ್ನೇ ನೀತಿಯಾಗಿ ಪಾಲಿಸಿದರು. ಈ ಗೋಡೆ ಬಿರುಕುಬಿಟ್ಟದ್ದು ಸಿವಿಲ್ ದಾವೆಯಿಂದಲೇ ಎಂಬುದು ಗಮನಿಸಬೇಕಾದ ಸಂಗತಿ. 1964ರ ಕೂಪರ್ ಮತ್ತು ಪೇಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಂತರ್ಯುದ್ಧದ ನಂತರ ಕರಿಯರ ರಕ್ಷಣೆಗೆಂದು 1871ರಲ್ಲಿ ಮಾಡಿದ ಸಿವಿಲ್ ಹಕ್ಕುಗಳ ಕಾಯ್ದೆಯ ಕೆಳಗೆ ರಾಜ್ಯಗಳ ಜೈಲುಗಳಲ್ಲಿರುವ ಬಂದಿಗಳೂ ದಾವೆ ಹೂಡಬಹುದೆಂದು ಹೇಳಿತು. ಯುರೋಪಿನ ತಿರುವು ಇನ್ನೂ ಸ್ಪಷ್ಟವಾದದ್ದು. ಇಂಗ್ಲೆಂಡಿನ ಪಾರ್ಕ್‌ಹರ್ಸ್ಟ್ ಜೈಲಿನ ಬಂದಿಯೊಬ್ಬ, ಗಲಭೆಯಲ್ಲಿ ತಾನು ಭಾಗಿಯೆಂದು ಆರೋಪಿಸಿದ ಜೈಲು ಸಿಬ್ಬಂದಿಯ ಮೇಲೆ ಮಾನನಷ್ಟದ ದಾವೆ ಹೂಡಲು ವಕೀಲರನ್ನು ಕಾಣಬೇಕೆಂದಾಗ ಗೃಹ ಸಚಿವರು ಅನುಮತಿ ಕೊಡಲಿಲ್ಲ. ನ್ಯಾಯಯುತ ವಿಚಾರಣೆಯ ಹಕ್ಕಿನೊಳಗೆ ನ್ಯಾಯಾಲಯಕ್ಕೆ ಹೋಗುವ ಹಕ್ಕೂ ಅಡಗಿದೆ, ಬಾಗಿಲೇ ಇಲ್ಲದ ಮನೆಯಲ್ಲಿ ಒಳಗಿನ ಸೌಕರ್ಯದಿಂದ ಏನೂ ಫಲವಿಲ್ಲ ಎಂಬ ಅರ್ಥದ ತೀರ್ಪನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1975ರ ಗೋಲ್ಡರ್ ಪ್ರಕರಣದಲ್ಲಿ ಕೊಟ್ಟಿತು.

ಭಾರತದಲ್ಲಿ ಮೊದಲ ದೊಡ್ಡ ಪ್ರಕರಣ ಒಂದು ಪುಸ್ತಕದ ಸುತ್ತ ನಡೆಯಿತು. ಭಾರತ ರಕ್ಷಣಾ ನಿಯಮಗಳ ಕೆಳಗೆ ಮುಂಬಯಿ ಜೈಲಿನಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಜಗಿರಿ ಪರಮಾಣುವಿನ ಬಗ್ಗೆ ಮರಾಠಿಯಲ್ಲಿ ವಿಜ್ಞಾನದ ಪುಸ್ತಕ ಬರೆದಿದ್ದರು. ಹಸ್ತಪ್ರತಿಯನ್ನು ಪ್ರಕಟಣೆಗಾಗಿ ಹೊರಗೆ ಕಳಿಸಲು ಸರ್ಕಾರ ಒಪ್ಪಲಿಲ್ಲ. ಕಾನೂನಿನಲ್ಲಿ ಬರೆದಿರದ ನಿರ್ಬಂಧವನ್ನು ಬಂದಿಯ ಮೇಲೆ ಹೇರುವಂತಿಲ್ಲ ಎಂದು 1965ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1974ರಲ್ಲಿ ವಿಶಾಖಪಟ್ಟಣದ ಜೈಲಿನ ನಕ್ಸಲೀಯ ಬಂದಿಗಳ ಅರ್ಜಿಯಲ್ಲಿ, ಶಿಕ್ಷೆಗೊಳಗಾದ ಮಾತ್ರಕ್ಕೆ ಮನುಷ್ಯ ಮೂಲಭೂತ ಹಕ್ಕುಗಳನ್ನೆಲ್ಲ ಕಳೆದುಕೊಳ್ಳುವುದಿಲ್ಲ ಎಂಬ ತತ್ವ ನೆಲೆಯಾಯಿತು. 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 1894ರ ಕಾರಾಗೃಹ ಕಾಯ್ದೆಯ ಎರಡು ಕಲಮುಗಳನ್ನು ಕೈಗೆತ್ತಿಕೊಂಡಿತು. ಒಂದು, ಮರಣದಂಡನೆಯ ಬಂದಿಯನ್ನು ಪ್ರತ್ಯೇಕವಾಗಿಡುವ 30ನೆಯದು. ಇನ್ನೊಂದು, ಬೇಡಿ ಹಾಕುವ 56ನೆಯದು. ಆ ಕಲಮುಗಳನ್ನು ಪೀಠ ಉಳಿಸಿತು, ಆದರೆ ಅವುಗಳ ಹೆಸರಿನಲ್ಲಿ ಏಕಾಂತ ಸೆರೆಯನ್ನೂ ಹಗಲೂ ರಾತ್ರಿ ಕಾಲಿನ ಬೇಡಿಯನ್ನೂ ಮನಬಂದಂತೆ ಹೇರುವುದನ್ನು ನಿಲ್ಲಿಸಿತು. ಅಮೆರಿಕ ತೊರೆದಿದ್ದ ಕೈಹಾಕದ ನೀತಿ ನಮಗೂ ಬೇಡವೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ತೀರ್ಪಿನಲ್ಲೇ ವಾದಿಸಿದರು.

ಮರುವರ್ಷ ಅದೇ ಬಾತ್ರಾ, ಬೇರೊಬ್ಬ ಬಂದಿಗೆ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದರು. ನ್ಯಾಯಾಲಯ ಅದನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯಾಗಿ ಸ್ವೀಕರಿಸಿತು. ದೂರಿನ ಪೆಟ್ಟಿಗೆಗಳನ್ನಿಡಬೇಕು, ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿಕೊಡಬೇಕು ಎಂಬ ಆದೇಶಗಳು ಹೊರಬಿದ್ದವು. 1979ರ ಹುಸೇನಾರಾ ಖಾತೂನ್ ಪ್ರಕರಣ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾ ಬಂದಿಗಳದು. ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯ ಕೆ.ಎಫ್. ರುಸ್ತುಂಜಿ ಪತ್ರಿಕೆಯಲ್ಲಿ ಬರೆದ ಲೇಖನಗಳನ್ನು ಹಿಡಿದುಕೊಂಡು ವಕೀಲೆ ಕಪಿಲಾ ಹಿಂಗೋರಾನಿ ನ್ಯಾಯಾಲಯಕ್ಕೆ ಹೋದರು. ಕರ್ನಾಟಕದ ಕೊಡುಗೆ ರಾಮಮೂರ್ತಿ ಪ್ರಕರಣ. ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬರು ತಿನ್ನಲಾಗದ ಊಟ, ಹಿಂಸೆ, ಕೈಗೆ ಬಾರದ ಕೂಲಿ ಇವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಕಾಗದ ಬರೆದಿದ್ದರು. 1996ರ ಕೊನೆಯಲ್ಲಿ ಬಂದ ತೀರ್ಪು ಒಂದು ಜೈಲಿನ ದೂರಿನಿಂದ ಹೊರಟು ಇಡೀ ದೇಶದ ಜೈಲುಗಳ ರೋಗಲಕ್ಷಣಗಳನ್ನು ಬರೆಯಿತು. ಕಿಕ್ಕಿರಿದ ಬ್ಯಾರಕ್ಕು, ಮುಗಿಯದ ವಿಚಾರಣೆ, ಹಿಂಸೆ, ಆರೋಗ್ಯ ಮತ್ತು ಶುಚಿತ್ವದ ಕಡೆಗಣನೆ, ಸಾಲದ ಊಟ ಬಟ್ಟೆ, ಜೈಲಿನೊಳಗಿನ ದುರಭ್ಯಾಸಗಳು, ಹೊರಗಿನವರೊಂದಿಗೆ ಸಂಪರ್ಕದ ಕೊರತೆ, ಅಸ್ತವ್ಯಸ್ತ ಭೇಟಿ ವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ ಎಂದು ಒಂಬತ್ತು ಸಮಸ್ಯೆಗಳನ್ನು ಅದು ಗುರುತಿಸಿತು. ಜೈಲು ಸುಧಾರಣೆಯ ಮೇಲಿನ ಯಾವ ಬರಹವೂ ಇಂದು ಈ ಒಂಬತ್ತನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಈ ತೀರ್ಪುಗಳ ದೊಡ್ಡತನವನ್ನು ಕಡಿಮೆಮಾಡುವ ಉದ್ದೇಶ ನನಗಿಲ್ಲ. ಆದರೂ ಎರಡು ಪ್ರಶ್ನೆ ಕೇಳಲೇಬೇಕು. ಮೊದಲನೆಯದು, ಆ ಕಾಗದ ಬರೆದ ಮನುಷ್ಯನಿಗೆ ಸಿಕ್ಕಿದ್ದೇನು? ಕಾಗದ ರಿಟ್ ಅರ್ಜಿಯಾದ ಕ್ಷಣದಿಂದ ಅವನ ಹಳಸಿದ ಅನ್ನ ರಾಷ್ಟ್ರೀಯ ಸಮಸ್ಯೆಯಾಗುತ್ತದೆ, ಅವನಿಗೆ ಬರಬೇಕಿದ್ದ ಕೂಲಿ ನೀತಿಯ ಚರ್ಚೆಯಾಗುತ್ತದೆ. ನಿರ್ದೇಶನಗಳು ರಾಜ್ಯ ಸರ್ಕಾರಗಳಿಗೆ ಹೋಗುತ್ತವೆ, ಸಮಿತಿಗಳು ನೇಮಕವಾಗುತ್ತವೆ. ಇಂಥ ದಿನ ಇಂಥವರು ಮಾಡಿದ ತಪ್ಪಿಗೆ ಇಷ್ಟು ಹಣ ಕೊಡಿ ಎಂಬ ಡಿಕ್ರಿ ಅಲ್ಲಿ ಹುಟ್ಟುವುದು ಅಪರೂಪ. ಎರಡನೆಯದು, ಮಾತಾಡುತ್ತಿರುವವರು ಯಾರು? ಹುಸೇನಾರಾ ಪ್ರಕರಣದಲ್ಲಿ ಪೊಲೀಸ್ ಅಧಿಕಾರಿ ಮತ್ತು ವಕೀಲೆ. ಮುಂಬಯಿಯ ಪೊಲೀಸ್ ಲಾಕಪ್ಪುಗಳ ಮಹಿಳೆಯರ ಬಗ್ಗೆ 1983ರಲ್ಲಿ ತೀರ್ಪು ಬಂದದ್ದು ಪತ್ರಕರ್ತೆ ಶೀಲಾ ಬರ್ಸೆ ಅವರಿಂದ. ದೇಶದ 1382 ಜೈಲುಗಳ ಅಮಾನವೀಯ ಸ್ಥಿತಿಯ ಪ್ರಕರಣ ಆರಂಭವಾದದ್ದು 2013ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಬರೆದ ಪತ್ರದಿಂದ. ಜೈಲು ಕೈಪಿಡಿಗಳಲ್ಲೇ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು ಉಳಿದಿದ್ದವು, ಅವನ್ನು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಅದಕ್ಕೂ ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯೇ ಬೇಕಾಯಿತು. ಕಸ ಗುಡಿಸುವ ಕೆಲಸವನ್ನು ಹುಟ್ಟಿನ ಕಾರಣಕ್ಕೆ ದಶಕಗಳ ಕಾಲ ಮಾಡಿದ ಸಾವಿರಾರು ಬಂದಿಗಳಲ್ಲಿ ಒಬ್ಬರಿಗೂ ತಮ್ಮ ಜಿಲ್ಲೆಯ ನ್ಯಾಯಾಲಯ ಈ ಪ್ರಶ್ನೆ ಕೇಳುವ ಜಾಗವಾಗಿ ಕಾಣಲಿಲ್ಲ ಎಂಬುದು ನನ್ನನ್ನು ಆ ತೀರ್ಪಿಗಿಂತ ಹೆಚ್ಚು ಕಾಡುತ್ತದೆ.

ಹಣದ ಪರಿಹಾರದ ಮಾತು ನಿಜವಾಗಿ ಆರಂಭವಾದದ್ದು ರುದುಲ್ ಸಾಹ್ ಪ್ರಕರಣದಲ್ಲಿ. 1968ರಲ್ಲಿ ಖುಲಾಸೆಯಾಗಿದ್ದ ಮನುಷ್ಯನನ್ನು ಬಿಹಾರದ ಜೈಲು 1982ರವರೆಗೆ, ಅಂದರೆ ಹದಿನಾಲ್ಕು ವರ್ಷ, ಒಳಗೇ ಇಟ್ಟಿತ್ತು. 1983ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ಅದಾಗಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ 30,000 ರೂಪಾಯಿ ಕೊಡಿಸಿತು. ರಿಟ್ ಅಧಿಕಾರದಲ್ಲಿ ಹಣ ಕೊಡಿಸುವುದು ಆಗ ಹೊಸ ಹೆಜ್ಜೆ. ನ್ಯಾಯಾಲಯ ಒಂದು ಮಾತು ಸೇರಿಸಿತ್ತು: ಇದು ಮಧ್ಯಂತರ ಸಮಾಧಾನ ಮಾತ್ರ, ಪೂರ್ತಿ ನಷ್ಟಕ್ಕಾಗಿ ಸರ್ಕಾರದ ಮೇಲೂ ತಪ್ಪಿತಸ್ಥ ಅಧಿಕಾರಿಗಳ ಮೇಲೂ ದಾವೆ ಹೂಡಲು ಇದು ಅಡ್ಡಿಯಲ್ಲ. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಪೊಲೀಸ್ ವಶದಲ್ಲಿ ಸತ್ತ ಮಗನಿಗಾಗಿ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಿಸುವಾಗ ನ್ಯಾಯಾಲಯ ಈ ವ್ಯತ್ಯಾಸವನ್ನು ಗಟ್ಟಿಮಾಡಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ರಿಟ್‌ನಲ್ಲಿ ಕೊಡುವ ಪರಿಹಾರ ಬೇರೆ, ಸಿವಿಲ್ ದಾವೆಯಲ್ಲಿ ಸಾಕ್ಷ್ಯ ನೋಡಿ ಅಳೆದು ಕೊಡುವ ನಷ್ಟಪರಿಹಾರ ಬೇರೆ. ರಾಜ್ಯಾಧಿಕಾರದ ಕೆಲಸಕ್ಕೆ ಸರ್ಕಾರ ಹೊಣೆಯಲ್ಲ ಎಂಬ ಸಾರ್ವಭೌಮ ವಿನಾಯಿತಿ ಮೊದಲನೆಯದರಲ್ಲಿ ನಡೆಯದು ಎಂದಿತು. ಅಂದರೆ ಉನ್ನತ ನ್ಯಾಯಾಲಯವೇ ತನ್ನ ಪರಿಹಾರವನ್ನು ಮೊದಲ ಕಂತೆಂದು ಕರೆದು, ಪೂರ್ತಿ ಲೆಕ್ಕಕ್ಕೆ ಬಂದಿಯನ್ನು ಸಿವಿಲ್ ಕೋರ್ಟಿನ ಕಡೆಗೆ ಕಳಿಸಿತು. ಅಲ್ಲಿ ಅವನಿಗೆ ಏನು ಎದುರಾಗುತ್ತದೆ ಎಂದು ನೋಡದೆ ಈ ವಿಷಯ ಪೂರ್ತಿಯಾಗುವುದಿಲ್ಲ.

ಕಾಗದದ ಮೇಲೆ ಸಿವಿಲ್ ಕೋರ್ಟಿನ ಬಾಗಿಲು ತೆರೆದೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಮು, ಕಾನೂನು ತಡೆಯದ ಎಲ್ಲ ಸಿವಿಲ್ ಸ್ವರೂಪದ ದಾವೆಗಳನ್ನೂ ವಿಚಾರಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಬಂದಿಯ ದಾವೆಯನ್ನು ನಿಷೇಧಿಸುವ ಕಾಯ್ದೆ ನಮ್ಮಲ್ಲಿಲ್ಲ. ಮೊದಲ ಅಡ್ಡಿ ಸರ್ಕಾರದ ಹೊಣೆಯ ಕುರಿತ ಹಳೆಯ ಸಿದ್ಧಾಂತ. ಸಂವಿಧಾನದ 300ನೇ ವಿಧಿ ಸರ್ಕಾರದ ಹೊಣೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಹೊಣೆಯಿಂದ ಅಳೆಯುತ್ತದೆ. 1861ರಲ್ಲಿ ಕಲ್ಕತ್ತೆಯ ಹಡಗುಕಟ್ಟೆಯ ಬಳಿ ಸರ್ಕಾರಿ ಕೂಲಿಗಳು ಹೊತ್ತೊಯ್ಯುತ್ತಿದ್ದ ಕಬ್ಬಿಣ ಬಿದ್ದು ಕುದುರೆಯೊಂದು ಗಾಯಗೊಂಡ ಪ್ರಕರಣದಲ್ಲಿ, ರಾಜ್ಯಾಧಿಕಾರದ ಕೆಲಸಕ್ಕೆ ಹೊಣೆಯಿಲ್ಲ, ಉಳಿದ ಕೆಲಸಕ್ಕೆ ಹೊಣೆಯಿದೆ ಎಂಬ ಗೆರೆ ಎಳೆದರು. ಆ ಗೆರೆ ಇಂದಿಗೂ ಅಳಿದಿಲ್ಲ. ಸರ್ಕಾರಿ ಜೀಪು ಹಾಯ್ದು ಸತ್ತವನ ಕುಟುಂಬಕ್ಕೆ 1962ರಲ್ಲಿ ಪರಿಹಾರ ಸಿಕ್ಕಿತು. ಆದರೆ ಪೊಲೀಸರು ವಶಪಡಿಸಿಕೊಂಡಿದ್ದ ಚಿನ್ನದೊಂದಿಗೆ ಹೆಡ್ ಕಾನ್‌ಸ್ಟೇಬಲ್ ಪಾಕಿಸ್ತಾನಕ್ಕೆ ಓಡಿಹೋದ ಕಸ್ತೂರಿಲಾಲ್ ಪ್ರಕರಣದಲ್ಲಿ, ಸರ್ಕಾರಕ್ಕೆ ಹೊಣೆಯಿಲ್ಲ ಎಂದು ಅದೇ ದಶಕದಲ್ಲಿ ತೀರ್ಪಾಯಿತು. ಜೈಲು ನಡೆಸುವುದಕ್ಕಿಂತ ಹೆಚ್ಚಿನ ರಾಜ್ಯಾಧಿಕಾರದ ಕೆಲಸ ಯಾವುದಿದೆ? ಕಾನೂನು ಆಯೋಗ ತನ್ನ ಮೊದಲ ವರದಿಯಲ್ಲೇ, 1956ರಲ್ಲಿ, ಈ ವಿನಾಯಿತಿಯನ್ನು ಕಾಯ್ದೆಯ ಮೂಲಕ ಕಡಿತಗೊಳಿಸಬೇಕೆಂದು ಹೇಳಿತ್ತು. 1960ರ ದಶಕದಲ್ಲಿ ಎರಡು ಸಲ ಮಸೂದೆ ಬಂದು ಬಿದ್ದುಹೋಯಿತು.

ಈ ಕತ್ತಲಲ್ಲಿ ಬೆಳಕಾಗಿ ಬಂದದ್ದು ಆಂಧ್ರದ ಕೋಯಿಲಕುಂಟ್ಲ ಉಪಕಾರಾಗೃಹದ ಪ್ರಕರಣ. ನ್ಯಾಯಾಂಗ ಬಂಧನದಲ್ಲಿದ್ದ ತಂದೆ ಮಗ ತಮ್ಮ ಜೀವಕ್ಕೆ ಅಪಾಯವಿದೆ, ಕಾವಲು ಹೆಚ್ಚಿಸಿ ಎಂದು ಮೊದಲೇ ತಿಳಿಸಿದ್ದರು. 1977ರ ಮೇ ತಿಂಗಳ ಒಂದು ರಾತ್ರಿ ದುಷ್ಕರ್ಮಿಗಳು ಜೈಲಿಗೆ ನುಗ್ಗಿ ಕೋಣೆಯೊಳಗೆ ಬಾಂಬು ಎಸೆದರು. ತಂದೆ ಸತ್ತರು, ಮಗ ಗಾಯಗೊಂಡರು. ಕುಟುಂಬ ಹತ್ತು ಲಕ್ಷ ರೂಪಾಯಿಗೆ ಸಿವಿಲ್ ದಾವೆ ಹೂಡಿತು. ವಿಚಾರಣಾ ನ್ಯಾಯಾಲಯ ಪೊಲೀಸರ ನಿರ್ಲಕ್ಷ್ಯವನ್ನು ಒಪ್ಪಿಯೂ ಕಾಲಮಿತಿ ಮೀರಿದೆಯೆಂದು ದಾವೆಯನ್ನು ವಜಾಮಾಡಿತು. ಹೈಕೋರ್ಟ್ 1,44,000 ರೂಪಾಯಿಯ ಡಿಕ್ರಿ ಕೊಟ್ಟಿತು. ಬದುಕುವ ಹಕ್ಕಿನ ಎದುರು ಸಾರ್ವಭೌಮ ವಿನಾಯಿತಿ ನಿಲ್ಲದು, ಸಿವಿಲ್ ದಾವೆಯಲ್ಲೂ ನಿಲ್ಲದು ಎಂದು ಸುಪ್ರೀಂ ಕೋರ್ಟ್ ಆ ಡಿಕ್ರಿಯನ್ನು ಉಳಿಸಿದ್ದು 2000ದಲ್ಲಿ. ಚಲ್ಲಾ ರಾಮಕೃಷ್ಣ ರೆಡ್ಡಿ ಪ್ರಕರಣವೆಂದು ಹೆಸರಾದ ಈ ತೀರ್ಪು ಬಂದಿಯ ದಾವೆ ಹಕ್ಕಿನ ನಿಜವಾದ ತಳಪಾಯ. ಬಾಂಬು ಬಿದ್ದ ರಾತ್ರಿಗೂ ಕೊನೆಯ ತೀರ್ಪಿಗೂ ನಡುವೆ 23 ವರ್ಷ ಉರುಳಿದ್ದವು. ಇಷ್ಟು ಕಾಲ ಕಾದು ಹೋರಾಡಿದ ಆ ಕುಟುಂಬದಂಥ ಬಲ ಸಾಮಾನ್ಯ ಬಂದಿಗೆ ಎಲ್ಲಿಂದ ಬರಬೇಕು?

ವಿನಾಯಿತಿಯ ಸಿದ್ಧಾಂತ ಸೋತಲ್ಲಿ ಪ್ರಕ್ರಿಯೆಯ ನಿಯಮಗಳು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ವಕಾಲತ್ತಿಗೆ ಸಹಿ ಹಾಕಿದರೆ ಅದನ್ನು ದೃಢೀಕರಿಸುವವರು ಜೈಲಿನ ಅಧಿಕಾರಿಗಳು, ಅಂದರೆ ಬಹುಪಾಲು ಪ್ರಕರಣಗಳಲ್ಲಿ ಪ್ರತಿವಾದಿಯ ಕಡೆಯವರೇ. ಪೆಟ್ಟಿನ ದಾಖಲೆ ಜೈಲಿನ ವೈದ್ಯರ ಕೈಯಲ್ಲಿ, ಬಂದಿಗಳ ರಿಜಿಸ್ಟರ್ ಜೈಲಿನ ಕಚೇರಿಯಲ್ಲಿ, ಕಣ್ಣಾರೆ ಕಂಡ ಸಾಕ್ಷಿ ಪಕ್ಕದ ಬ್ಯಾರಕ್ಕಿನಲ್ಲಿ. ಬಂದಿಯೊಬ್ಬನನ್ನು ಸಾಕ್ಷಿ ಹೇಳಲು ಕರೆಸುವುದಕ್ಕೆ 1976ರ ತಿದ್ದುಪಡಿ ಸಂಹಿತೆಗೆ ಒಂದು ಆದೇಶವನ್ನೇ ಸೇರಿಸಿತು. ಆದರೆ ಜೈಲು ನ್ಯಾಯಾಲಯದಿಂದ 25 ಕಿಲೋಮೀಟರಿಗಿಂತ ದೂರವಿದ್ದರೆ, ಕಮಿಷನ್ ಮೂಲಕ ಸಾಕ್ಷ್ಯ ಪಡೆಯುವುದು ಸಾಲದು ಎಂದು ನ್ಯಾಯಾಧೀಶರಿಗೆ ಮನವರಿಕೆಯಾದ ಹೊರತು ಕರೆಸುವಂತಿಲ್ಲ. ಕಾಲಮಿತಿಯ ನಿಯಮ ಇದಕ್ಕಿಂತ ಕಠಿಣ. ಕಾಯ್ದೆಯೊಂದರ ಅನುಸಾರ ಮಾಡಿದ ಕೃತ್ಯಕ್ಕೆ ನಷ್ಟಪರಿಹಾರ ಕೇಳಲು 1963ರ ಕಾಲಮಿತಿ ಕಾಯ್ದೆಯ 72ನೇ ವಿಧಿ ಒಂದೇ ವರ್ಷ ಕೊಡುತ್ತದೆ. ಅಕ್ರಮ ಬಂಧನಕ್ಕಾದರೆ 73ನೇ ವಿಧಿ ಬಿಡುಗಡೆಯಾದ ದಿನದಿಂದ ಲೆಕ್ಕ ಹಿಡಿಯುತ್ತದೆ. ಬಂಧನ ಸಕ್ರಮವಾಗಿದ್ದು ಅದರೊಳಗೆ ಕೈ ಮುರಿದರೆ ಆ ರಿಯಾಯಿತಿ ಇಲ್ಲ, ಹೊಡೆದವನ ಕಾವಲಿನಲ್ಲಿರುವಾಗಲೇ ಗಡಿಯಾರ ಓಡುತ್ತದೆ. ಬಾಲ್ಯ, ಬುದ್ಧಿಭ್ರಮೆ ಮುಂತಾದ ಅಶಕ್ತತೆಗಳಿಗೆ ಅದೇ ಕಾಯ್ದೆಯ 6ನೇ ಕಲಮು ಕಾಲವನ್ನು ನಿಲ್ಲಿಸುತ್ತದೆ, ಸೆರೆವಾಸಕ್ಕೆ ನಿಲ್ಲಿಸುವುದಿಲ್ಲ. ಹಾಗೆಂದು ಬಂದಿಗೆ ನೆರವೇ ಇಲ್ಲವೆಂದಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವವರು ಆದಾಯ ನೋಡದೆ ಉಚಿತ ಕಾನೂನು ನೆರವಿಗೆ ಅರ್ಹರು. ಆದರೆ ಜೈಲಿಗೆ ಬರುವ ನೆರವಿನ ವಕೀಲರ ಕಡತ ಜಾಮೀನು ಮತ್ತು ಮೇಲ್ಮನವಿಗಳಿಂದಲೇ ತುಂಬಿರುತ್ತದೆ. ನಷ್ಟಪರಿಹಾರದ ದಾವೆಗೆ ಅಲ್ಲಿ ಜಾಗ ಸಿಗುವುದು ಕಷ್ಟ.

ರಿಟ್ ಇರುವಾಗ ದಾವೆಯ ಗೋಜು ಏಕೆ ಎಂದು ಅನುಭವಿ ವಕೀಲರೇ ಕೇಳಬಹುದು. ರಿಟ್ ಬೇಗ ಮುಗಿಯುತ್ತದೆ, ಕೋರ್ಟ್ ಫೀ ಕಡಿಮೆ, ಹೈಕೋರ್ಟಿನ ಮಾತಿಗೆ ಅಧಿಕಾರಿಗಳು ಹೆದರುತ್ತಾರೆ. ಇದರಲ್ಲಿ ಸತ್ಯವಿದೆ, ಏಕಾಂತ ಸೆರೆಯನ್ನು ನಾಳೆಯೇ ನಿಲ್ಲಿಸಬೇಕಾದರೆ ರಿಟ್ಟೇ ಸರಿ. ಆದರೆ ರಿಟ್ ಅಫಿಡವಿಟ್ಟುಗಳ ಮೇಲೆ ನಡೆಯುವ ವಿಚಾರಣೆ. ಹೊಡೆದಿಲ್ಲವೆಂದು ಅಧೀಕ್ಷಕರು ಪ್ರಮಾಣ ಮಾಡಿದರೆ ಅದು ವಿವಾದಿತ ಸಂಗತಿಯಾಗುತ್ತದೆ, ಸಿವಿಲ್ ಕೋರ್ಟಿಗೆ ಹೋಗಿ ಎಂಬ ಉತ್ತರ ಬರುತ್ತದೆ. ಅಧಿಕಾರಿಯನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡುವುದು, ರಿಜಿಸ್ಟರ್ ತರಿಸಿ ಒಂದೊಂದು ಪುಟ ನೋಡುವುದು ದಾವೆಯಲ್ಲಿ ಮಾತ್ರ ಸಹಜ. 1993ರ ಕಾಯ್ದೆಯಿಂದ ಹುಟ್ಟಿದ ಮಾನವ ಹಕ್ಕುಗಳ ಆಯೋಗಗಳು ಪರಿಹಾರ ಶಿಫಾರಸು ಮಾಡುತ್ತವೆ, ಆದರೆ ಅದು ಶಿಫಾರಸು. ಘಟನೆ ನಡೆದು ಒಂದು ವರ್ಷ ದಾಟಿದರೆ ಅವು ದೂರನ್ನು ಮುಟ್ಟುವಂತೆಯೂ ಇಲ್ಲ. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, 2012ರಿಂದ 2015ರ ನಡುವೆ ಜೈಲುಗಳಲ್ಲಿ ಅಸಹಜವಾಗಿ ಸತ್ತವರ ಕುಟುಂಬಗಳನ್ನು ಹುಡುಕಿ ಪರಿಹಾರ ಕೊಡಿಸಲು ಸ್ವಯಂಪ್ರೇರಿತ ಅರ್ಜಿ ದಾಖಲಿಸಿಕೊಳ್ಳುವಂತೆ ಹೈಕೋರ್ಟುಗಳನ್ನು ಕೇಳಿಕೊಂಡಿತು. ಆ ಆದೇಶ ಉದಾರವಾದದ್ದು. ಸತ್ತವರ ಮನೆಯವರು ತಾವಾಗಿ ನ್ಯಾಯಾಲಯಕ್ಕೆ ಬರಲಾರರು, ನ್ಯಾಯಾಲಯವೇ ಅವರನ್ನು ಹುಡುಕಿಕೊಂಡು ಹೋಗಬೇಕು ಎಂಬ ಒಪ್ಪಿಗೆಯೂ ಅದರೊಳಗಿದೆ.

ಹೆಚ್ಚು ಗಂಭೀರವಾದ ಆಕ್ಷೇಪ ಬೇರೆ. ಬಾಗಿಲು ತೆರೆದರೆ ಹೊತ್ತು ಹೋಗದ ಬಂದಿಗಳು ಕ್ಷುಲ್ಲಕ ದಾವೆಗಳ ಪ್ರವಾಹ ಹರಿಸುತ್ತಾರೆ ಎಂಬ ಹೆದರಿಕೆ. ಇದನ್ನು ಊಹೆಯಿಂದ ಉತ್ತರಿಸಬೇಕಾಗಿಲ್ಲ, ಅಮೆರಿಕ ಅದನ್ನು ಪ್ರಯೋಗಮಾಡಿಯೇ ನೋಡಿದೆ. 1995ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯಗಳಿಗೆ ಬಂದ ಬಂದಿಗಳ ಸಿವಿಲ್ ಹಕ್ಕುಗಳ ದಾವೆಗಳು ಸುಮಾರು 40 ಸಾವಿರ. ಗಟ್ಟಿ ಕಡಲೆಕಾಯಿ ಬೆಣ್ಣೆ ಕೊಟ್ಟರು, ನುಣ್ಣನೆಯದು ಕೊಡಲಿಲ್ಲ ಎಂದು ದಾವೆ ಹೂಡಿದ ಬಂದಿಯ ಕಥೆ ಆಗ ರಾಜಕಾರಣಿಗಳ ಬಾಯಲ್ಲಿ ಹರಿದಾಡಿತು. ಫೆಡರಲ್ ಮೇಲ್ಮನವಿ ನ್ಯಾಯಾಧೀಶ ಜಾನ್ ನ್ಯೂಮನ್ ಆ ಕಡತವನ್ನೇ ತೆಗೆದು ನೋಡಿದರು. ಬಂದಿ ಜೈಲಿನ ಅಂಗಡಿಯಲ್ಲಿ ತನ್ನ ದುಡ್ಡಿನಿಂದ ಕೊಂಡ ಡಬ್ಬಿ ಬೇರೆ ಬಗೆಯದೆಂದು ಹಿಂತಿರುಗಿಸಿದ್ದ. ಬದಲಿ ಡಬ್ಬಿ ಬರುವ ಮೊದಲೇ ಅವನನ್ನು ಬೇರೆ ಜೈಲಿಗೆ ಸಾಗಿಸಿದರು, ದುಡ್ಡೂ ವಾಪಸ್ ಬರಲಿಲ್ಲ. ಜಗಳ ರುಚಿಯ ಮೇಲಾಗಿರಲಿಲ್ಲ, ಎರಡೂವರೆ ಡಾಲರಿನ ಮೇಲಿತ್ತು. ಬಂದಿಗೆ ಅದು ಸಣ್ಣ ಮೊತ್ತವಲ್ಲವೆಂದೂ ನ್ಯೂಮನ್ ನೆನಪಿಸಿದರು. ಆದರೂ 1996ರ ಏಪ್ರಿಲ್‌ನಲ್ಲಿ ಪ್ರಿಸನ್ ಲಿಟಿಗೇಷನ್ ರಿಫಾರ್ಮ್ ಆ್ಯಕ್ಟ್ ಜಾರಿಗೆ ಬಂತು. ಜೈಲಿನೊಳಗಿನ ದೂರು ವ್ಯವಸ್ಥೆಯ ಮೆಟ್ಟಿಲುಗಳನ್ನೆಲ್ಲ ಮುಗಿಸದೆ ದಾವೆಯಿಲ್ಲ, ಬಡ ಬಂದಿಯೂ ಕಂತಿನಲ್ಲಾದರೂ ಪೂರ್ತಿ ಶುಲ್ಕ ಕಟ್ಟಬೇಕು, ಕ್ಷುಲ್ಲಕ ಇಲ್ಲವೇ ಆಧಾರರಹಿತವೆಂದು ಮೂರು ದಾವೆ ವಜಾ ಆದವರಿಗೆ ಶುಲ್ಕದ ಕಂತೂ ಇಲ್ಲ, ದೈಹಿಕ ಗಾಯ ತೋರಿಸದೆ ಬರಿಯ ಮಾನಸಿಕ ಯಾತನೆಗೆ ನಷ್ಟಪರಿಹಾರವಿಲ್ಲ, ಗೆದ್ದರೂ ವಕೀಲರ ಶುಲ್ಕಕ್ಕೆ ಮಿತಿ.

ಕೆಲವೇ ವರ್ಷಗಳಲ್ಲಿ ದಾವೆಗಳು ಮೂರನೇ ಒಂದು ಭಾಗದಷ್ಟು ಕುಸಿದವು, ಜೈಲಿನಲ್ಲಿರುವವರ ಸಂಖ್ಯೆ ಮಾತ್ರ ಏರುತ್ತಲೇ ಇತ್ತು. ಜೊಳ್ಳನ್ನಷ್ಟೇ ತೂರಿದ್ದರೆ ಉಳಿದ ಕಾಳು ಗಟ್ಟಿಯಾಗಿರಬೇಕಿತ್ತು, ಒಳಬಂದ ದಾವೆಗಳ ಗೆಲುವಿನ ಪ್ರಮಾಣ ಏರಬೇಕಿತ್ತು. ಕಾನೂನು ವಿದ್ವಾಂಸೆ ಮಾರ್ಗೊ ಶ್ಲ್ಯಾಂಗರ್ ಅಂಕಿಅಂಶಗಳನ್ನು ಜಾಲಾಡಿ ನೋಡಿದಾಗ ಅದು ಏರಿರಲಿಲ್ಲ. ಜೊಳ್ಳಿನ ಜೊತೆ ಕಾಳೂ ತೂರಿಹೋಗಿತ್ತು. 2006ರ ವುಡ್‌ಫರ್ಡ್ ಪ್ರಕರಣದಲ್ಲಿ, ಜೈಲಿನ ದೂರು ನಿಯಮ ಕೊಟ್ಟಿದ್ದ 15 ಕೆಲಸದ ದಿನಗಳನ್ನು ಮೀರಿದ ಬಂದಿಗೆ ನ್ಯಾಯಾಲಯದ ಬಾಗಿಲೂ ಮುಚ್ಚಿತೆಂದು ಸುಪ್ರೀಂ ಕೋರ್ಟ್ ಹೇಳಿತು. ಜೈಲು ತನ್ನ ಗಡುವನ್ನು ತಾನೇ ಗೊತ್ತುಮಾಡಿಕೊಂಡು ತನ್ನ ಮೇಲಿನ ದಾವೆಯನ್ನು ತಾನೇ ತಡೆಯಬಹುದಾದ ಸ್ಥಿತಿ ಇದು. ಮೊದಲು ಒಳಗಿನ ದೂರು, ಆಮೇಲೆ ನ್ಯಾಯಾಲಯ ಎಂಬ ಕ್ರಮದಲ್ಲೇ ತಪ್ಪಿಲ್ಲ. ಆದರೆ ಆ ದೂರು ಕೇಳುವವರು ಪ್ರತಿವಾದಿಯ ಕೈಕೆಳಗಿರಬಾರದು ಮತ್ತು ದೂರು ಬಾಕಿಯಿರುವ ಕಾಲ ಕಾಲಮಿತಿಯ ಲೆಕ್ಕದಿಂದ ಹೊರಗಿರಬೇಕು. ಕ್ಷುಲ್ಲಕ ದಾವೆಯನ್ನು ಮೊದಲ ನೋಟದಲ್ಲೇ ತಿರಸ್ಕರಿಸುವ ಅಧಿಕಾರ ನಮ್ಮ ಸಂಹಿತೆಯ 7ನೇ ಆದೇಶದ 11ನೇ ನಿಯಮದಲ್ಲಿ ಈಗಾಗಲೇ ಇದೆ. ಬಂದಿಗಳಿಗೆಂದೇ ಬೇರೆ ಬೇಲಿ ಬೇಕಾಗಿಲ್ಲ.

ಜೈಲು ನಡೆಸುವುದು ನ್ಯಾಯಾಧೀಶರ ಕೆಲಸವಲ್ಲ, ಅದಕ್ಕೆ ಬೇಕಾದ ಹಣ ಹೊಂದಿಸುವುದೂ ಅವರ ಕೈಯಲ್ಲಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಬೇರೆ ದೇಶಗಳ ಅನುಭವವೇ ಇದಕ್ಕೆ ಉತ್ತರ. ಟೆಕ್ಸಾಸಿನ ಬಂದಿ ಡೇವಿಡ್ ರೂಯಿಸ್ 1972ರಲ್ಲಿ ಕೈಯಲ್ಲಿ ಬರೆದು ಸಲ್ಲಿಸಿದ ಅರ್ಜಿ 1980ರಲ್ಲಿ ಇಡೀ ರಾಜ್ಯದ ಜೈಲು ವ್ಯವಸ್ಥೆ ಅಸಾಂವಿಧಾನಿಕ ಎಂಬ ತೀರ್ಪಾಯಿತು. ಬಂದಿಗಳನ್ನೇ ಕಾವಲುಗಾರರಾಗಿಸಿ ಉಳಿದವರನ್ನು ಅವರ ಕೈಗೆ ಒಪ್ಪಿಸುವ ಪದ್ಧತಿ ಅಲ್ಲಿ ಕೊನೆಗೊಂಡದ್ದು ಆ ದಾವೆಯಿಂದ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 80 ಸಾವಿರ ಮಂದಿಗೆ ಕಟ್ಟಿದ ಜೈಲುಗಳಲ್ಲಿ ಒಂದು ಹಂತದಲ್ಲಿ ಅದರ ಹತ್ತಿರ ಹತ್ತಿರ ಎರಡು ಪಟ್ಟು ಜನರಿದ್ದರು. ಚಿಕಿತ್ಸೆಯ ಕೊರತೆಯಿಂದ ಆರೇಳು ದಿನಕ್ಕೊಬ್ಬ ಬಂದಿ ಅನ್ಯಾಯವಾಗಿ ಸಾಯುತ್ತಿದ್ದನೆಂದು ನ್ಯಾಯಾಲಯ ಕಂಡುಕೊಂಡಿತು. 2011ರ ಬ್ರೌನ್ ಮತ್ತು ಪ್ಲಾಟಾ ತೀರ್ಪು ಆ ಸಂಖ್ಯೆಯನ್ನು ಸಾಮರ್ಥ್ಯದ ಶೇ. 137.5ಕ್ಕೆ ಇಳಿಸಲು ಆದೇಶಿಸಿತು. ಹೇಗೆ ಇಳಿಸಬೇಕೆಂಬುದನ್ನು ನ್ಯಾಯಾಧೀಶರು ಸರ್ಕಾರಕ್ಕೇ ಬಿಟ್ಟರು. ಇಟಲಿಯ ಉದಾಹರಣೆ ನಮಗೆ ಇನ್ನೂ ಹತ್ತಿರವಾದದ್ದು. ತಲೆಗೆ ಮೂರು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ ಬಂದಿಗಳನ್ನಿಟ್ಟದ್ದು ಅಮಾನವೀಯವೆಂದು ಯುರೋಪಿನ ನ್ಯಾಯಾಲಯ 2013ರ ಟೊರೆಜ್ಜಾನಿ ಪ್ರಕರಣದಲ್ಲಿ ಹೇಳಿದ ಮೇಲೆ, ಮರುವರ್ಷ ಇಟಲಿ ಒಂದು ಕಾಯ್ದೆ ಮಾಡಿತು. ಅಂಥ ಸ್ಥಿತಿಯಲ್ಲಿ ಕಳೆದ ಪ್ರತಿ ಹತ್ತು ದಿನಕ್ಕೆ ಶಿಕ್ಷೆಯಲ್ಲಿ ಒಂದು ದಿನ ಕಡಿತ, ಬಿಡುಗಡೆಯಾಗಿದ್ದರೆ ದಿನಕ್ಕೆ ಎಂಟು ಯೂರೋ. ಬ್ರೆಜಿಲ್‌ನ ಅತ್ಯುನ್ನತ ನ್ಯಾಯಾಲಯವೂ 2017ರಲ್ಲಿ, ಹಣವಿಲ್ಲ ಎಂಬ ಸರ್ಕಾರದ ನೆಪವನ್ನು ಒಪ್ಪದೆ, ಕಿಕ್ಕಿರಿದ ಜೈಲಿನ ಬಂದಿಗೆ ಎರಡು ಸಾವಿರ ರಿಯಾಲ್ ಕೊಡಿಸಿತು. ಇಲ್ಲೆಲ್ಲ ನ್ಯಾಯಾಧೀಶರು ಜೈಲನ್ನು ನಡೆಸಲಿಲ್ಲ, ಅದನ್ನು ಕೆಟ್ಟದಾಗಿ ನಡೆಸುವುದಕ್ಕೆ ಬೆಲೆ ಕಟ್ಟಿದರು. ಖಜಾನೆಯಿಂದ ಹಣ ಹೋಗುತ್ತದೆಂದು ಗೊತ್ತಾದ ಮೇಲೆ ಹಣಕಾಸು ಇಲಾಖೆಗೂ ಜೈಲು ಕಣ್ಣಿಗೆ ಬೀಳುತ್ತದೆ. ನಿರ್ದೇಶನಗಳಿಗೆ ಆ ಶಕ್ತಿ ಬಂದಿಲ್ಲ. ರಾಮಮೂರ್ತಿ ತೀರ್ಪು ಮೊದಲ ಸಮಸ್ಯೆಯೆಂದು ಗುರುತಿಸಿದ್ದೇ ಕಿಕ್ಕಿರಿಯುವಿಕೆ. ಅದಾಗಿ ಕಾಲು ಶತಮಾನದ ನಂತರ, 2022ರ ಕೊನೆಯ ಸರ್ಕಾರಿ ಲೆಕ್ಕದಂತೆ, 4,36,266 ಮಂದಿಗೆ ಜಾಗವಿದ್ದ ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರು, ಅಂದರೆ ಶೇ. 131.4.

ಇನ್ನು, ಬಹಿರಂಗವಾಗಿ ಹೇಳದಿದ್ದರೂ ಎಲ್ಲ ಆಕ್ಷೇಪಗಳ ಹಿಂದೆ ಇರುವ ಮಾತೊಂದಿದೆ: ಕೊಂದವನಿಗೆ, ಅತ್ಯಾಚಾರ ಮಾಡಿದವನಿಗೆ ಜನರ ತೆರಿಗೆ ಹಣದಲ್ಲಿ ಪರಿಹಾರವೇ? ನೊಂದ ಕುಟುಂಬ ಈ ಪ್ರಶ್ನೆ ಕೇಳಿದರೆ ಅದನ್ನು ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲ. ಅವರಿಗೆ ಸಿಗಬೇಕಾದ ಪರಿಹಾರ ಸಿಗದಿರುವುದು ಬೇರೆಯೇ ಒಂದು ಅನ್ಯಾಯ, ಅದನ್ನು ಸರಿಪಡಿಸಲು ಬಂದಿಯ ಬೆನ್ನಿನ ಮೇಲಿನ ಬಾಸುಂಡೆಯಿಂದ ಆಗುವುದಿಲ್ಲ. ಕಾನೂನು ವಿಧಿಸಿದ ಶಿಕ್ಷೆ ಸ್ವಾತಂತ್ರ್ಯ ಕಳೆದುಕೊಳ್ಳುವುದು. ಕ್ಷಯರೋಗಕ್ಕೆ ಔಷಧಿ ಸಿಗದಿರುವುದನ್ನು ಯಾವ ನ್ಯಾಯಾಧೀಶರೂ ಶಿಕ್ಷೆಯಾಗಿ ಬರೆದಿಲ್ಲ, ವಾರ್ಡರ್ ಅದನ್ನು ಸೇರಿಸಿದರೆ ಆ ಹೆಚ್ಚುವರಿ ಶಿಕ್ಷೆ ಅಕ್ರಮ. ಅದಕ್ಕಿಂತ ಮುಖ್ಯವಾಗಿ, ಮೇಲಿನ ಲೆಕ್ಕದ 5,73,220 ಮಂದಿಯಲ್ಲಿ 4,34,302 ಮಂದಿ, ಶೇ. 75.8ರಷ್ಟು, ವಿಚಾರಣಾ ಬಂದಿಗಳು. ಅವರಲ್ಲಿ ಯಾರ ಮೇಲಿನ ಆರೋಪವೂ ರುಜುವಾತಾಗಿಲ್ಲ. ಭಾರತದ ಜೈಲಿನ ಬಗ್ಗೆ ಮಾತಾಡುವಾಗ ಮನಸ್ಸಿಗೆ ಬರುವ ಅಪರಾಧಿಯ ಚಿತ್ರ ನಾಲ್ವರಲ್ಲಿ ಮೂವರಿಗೆ ಹೊಂದುವುದೇ ಇಲ್ಲ.

ಜೈಲು ರಾಜ್ಯಪಟ್ಟಿಯ ವಿಷಯ. ಆದ್ದರಿಂದ ದಾವೆಗೆ ಹೊಣೆಗಾರ ರಾಜ್ಯ ಸರ್ಕಾರ, ಸುಧಾರಿಸಬೇಕಾದದ್ದೂ ಅದೇ. ಬಂದಿಯ ಗಾಯದ ದಾಖಲೆಯ ಪ್ರತಿಯನ್ನು ಅವನಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕೂಡಲೇ ಕೊಡುವ ನಿಯಮ, ವಕಾಲತ್ತಿನ ದೃಢೀಕರಣವನ್ನು ಜೈಲಿನ ಕೈಯಿಂದ ತೆಗೆದು ಭೇಟಿಗೆ ಬರುವ ನ್ಯಾಯಾಧೀಶರಿಗೆ ಕೊಡುವ ಬದಲಾವಣೆ, ವಿಡಿಯೋ ಮೂಲಕ ವಾದಿಯಾಗಿಯೇ ಹಾಜರಾಗುವ ಅವಕಾಶ, ಇವಕ್ಕೆ ಸಂವಿಧಾನ ತಿದ್ದುಪಡಿ ಬೇಕಾಗಿಲ್ಲ. ಸಂಸತ್ತು ಮಾಡಬೇಕಾದದ್ದು ಒಂದಿದೆ. ಇಂಗ್ಲೆಂಡ್ 1623ರಲ್ಲಿ, ಮೊದಲನೆಯ ಜೇಮ್ಸ್ ದೊರೆಯ ಕಾಲದಲ್ಲಿ ಮಾಡಿದ ಕಾಲಮಿತಿ ಕಾಯ್ದೆ, ಬಾಲಕರು ಮತ್ತು ಬುದ್ಧಿಭ್ರಮಿತರ ಜೊತೆ ಸೆರೆಯಲ್ಲಿರುವವರನ್ನೂ ಅಶಕ್ತರೆಂದು ಎಣಿಸಿ, ಅವರು ಹೊರಬರುವವರೆಗೆ ಕಾಲವನ್ನು ತಡೆಹಿಡಿಯುತ್ತಿತ್ತು. ನಮ್ಮ 1963ರ ಕಾಯ್ದೆಯ 6ನೇ ಕಲಮಿನಲ್ಲಿ ಆ ಒಂದು ಪದ ಇಲ್ಲ. ಕೋಯಿಲಕುಂಟ್ಲದ ಕುಟುಂಬ ಗೆದ್ದದ್ದು ಅವರ ದಾವೆಗೆ 72ನೇ ವಿಧಿಯ ಒಂದು ವರ್ಷವನ್ನು ಬಿಟ್ಟು 113ನೇ ವಿಧಿಯ ಮೂರು ವರ್ಷ ಅನ್ವಯಿಸುತ್ತದೆಂದು ಹೈಕೋರ್ಟ್ ಒಪ್ಪಿದ್ದರಿಂದ. ಮುಂದಿನ ಬಂದಿಯ ದಾವೆಯಲ್ಲಿ ಯಾವ ವಿಧಿ ಅನ್ವಯಿಸುತ್ತದೆ ಎಂಬುದು ಇಂದಿಗೂ ಆ ದಾವೆಯನ್ನು ಕೇಳುವ ನ್ಯಾಯಾಧೀಶರ ನಿರ್ಧಾರಕ್ಕೆ ಬಿಟ್ಟದ್ದು.